ದುರ್ಗದಲ್ಲೇ ಉಳಿದವಳು

ಊರು ಬಿಟ್ಟು ಹೋದವರನ್ನು ಎಲ್ಲರೂ ವಿಚಾರಿಸುತ್ತಾರೆ. ಊಟ ಒಗ್ಗಿತೇ, ಹಾಸ್ಟೆಲ್ ಹೇಗಿದೆ, ಮನೆ ನೆನಪಾಗುವುದಿಲ್ಲವೇ ಎಂದು ದಾರಿಯಲ್ಲಿ ಸಿಕ್ಕವರೂ ಕೇಳುತ್ತಾರೆ. ಉಳಿದವರನ್ನು ಯಾರೂ ಕೇಳುವುದಿಲ್ಲ. ಮನೆಯಿದೆ, ಅಮ್ಮನ ಕೈ ಅಡುಗೆಯಿದೆ, ಇವಳಿಗೇನು ಕೊರತೆ ಎಂದುಕೊಳ್ಳುತ್ತಾರೆ. ನನ್ನ ಬಾಲ್ಯದ ಗೆಳತಿ ಪದವಿ ಓದಲು ಧಾರವಾಡಕ್ಕೆ ಹೋದಾಗ ನಾನು ಚಿತ್ರದುರ್ಗದಲ್ಲೇ ಉಳಿದೆ. ದಾವಣಗೆರೆಯ ಎಂಜಿನಿಯರಿಂಗ್ ಕಾಲೇಜಿಗೆ ದಿನವೂ ಬಸ್ಸಿನಲ್ಲಿ ಹೋಗಿ ಬರುವುದೆಂದು ಮನೆಯಲ್ಲಿ ತೀರ್ಮಾನವಾಗಿತ್ತು. ಅವಳು ಬಿಟ್ಟುಹೋದ ಊರಿನಲ್ಲಿ, ಅದೇ ಬೀದಿಗಳಲ್ಲಿ ಅವಳಿಲ್ಲದೆ ಓಡಾಡುವುದು ಹೇಗಿತ್ತೆಂದು ಬರೆದಿಡಬೇಕೆಂದು ಬಹಳ ದಿನದಿಂದ ಅನ್ನಿಸುತ್ತಿತ್ತು.

ನಮ್ಮಿಬ್ಬರ ಮನೆಗಳೂ ಕಾಮನಬಾವಿ ಬಡಾವಣೆಯಲ್ಲಿ. ಮಹಡಿ ಹತ್ತಿದರೆ ಕೋಟೆಯ ಬಂಡೆಗಳು ಕಾಣುತ್ತವೆ. ಹೊರಗಿನವರಿಗೆ ಏಳು ಸುತ್ತಿನ ಕೋಟೆಯೆಂದರೆ ಮದಕರಿ ನಾಯಕ, ಹೈದರಾಲಿ, 1779. ನಮಗೆ ಅದು ರಜೆಯ ಅಂಗಳ. ಗೋಪಾಲಸ್ವಾಮಿ ಹೊಂಡದ ಮೆಟ್ಟಿಲಿನ ಮೇಲೆ ಕುಳಿತು ಮಂಡಕ್ಕಿ ತಿಂದಿದ್ದೇವೆ, ಹಿಡಿಂಬೇಶ್ವರ ಗುಡಿಯ ಹಿಂದೆ ಗಣಿತದ ಪಾಠ ಒಪ್ಪಿಸಿಕೊಂಡಿದ್ದೇವೆ. ಹೈಸ್ಕೂಲಿನ ವಾರ್ಷಿಕೋತ್ಸವಕ್ಕೆ ಒನಕೆ ಓಬವ್ವನ ನಾಟಕ ಮಾಡಿದಾಗ ಅವಳು ಓಬವ್ವ, ನಾನು ಕಿಂಡಿಯಿಂದ ತಲೆ ಹಾಕುವ ಸಿಪಾಯಿ. ರಟ್ಟಿನ ಕಿಂಡಿಯೊಳಗಿಂದ ನಾನು ತೆವಳಿಕೊಂಡು ಬರಬೇಕು, ಅವಳು ಒನಕೆ ಎತ್ತಿ ಕುಟ್ಟಬೇಕು. ತಾಲೀಮಿನಲ್ಲಿ ಪ್ರತಿ ಸಲವೂ ಒನಕೆಯನ್ನು ನನ್ನ ತಲೆಯ ಪಕ್ಕದ ನೆಲಕ್ಕೆ ಕುಟ್ಟಿ, "ಪೆಟ್ಟಾಯಿತೇನೇ?" ಎಂದು ಪಿಸುಗುಟ್ಟುತ್ತಿದ್ದಳು. ನಾಟಕದ ದಿನವೂ ಅಭ್ಯಾಸಬಲದಿಂದ ಹಾಗೆಯೇ ಕೇಳಿದಳು. ಮೈಕು ಅದನ್ನು ಹಿಡಿದು ಇಡೀ ಮೈದಾನಕ್ಕೆ ಕೇಳಿಸಿತು. ಜನ ನಕ್ಕರು. ಅವಳು ಮಾತ್ರ ನಗದೆ, ನಾನು ಸತ್ತಂತೆ ಮಲಗಿದ್ದರೂ ಉತ್ತರಕ್ಕಾಗಿ ನನ್ನ ಮುಖವನ್ನೇ ನೋಡುತ್ತಿದ್ದಳು.

ಸಂಜೆ ಐದಾದರೆ ಇಬ್ಬರೂ ನಡೆಯಲು ಹೊರಡುತ್ತಿದ್ದೆವು. ಏಕನಾಥೇಶ್ವರಿ ಪಾದಗುಡಿಯ ಕಡೆಗೋ, ಮನಸ್ಸು ಬಂದರೆ ಚಂದ್ರವಳ್ಳಿಯ ಕೆರೆಯವರೆಗೋ. ಅಷ್ಟು ವರ್ಷ ಏನು ಮಾತನಾಡಿದೆವೆಂದು ಕೇಳಿದರೆ ಹೇಳಲು ಬರುವುದಿಲ್ಲ. ಇಬ್ಬರಿಗೂ ಎಲ್ಲವೂ ಮೊದಲೇ ಗೊತ್ತಿದ್ದರಿಂದ ಹೇಳುವ ಅಗತ್ಯವೇ ಬೀಳುತ್ತಿರಲಿಲ್ಲ. ಯಾವ ಮೇಷ್ಟರು ಬೈದರು, ಯಾರ ಮನೆಯಲ್ಲಿ ಜಗಳವಾಯಿತು, ಯಾವ ಮಾತಿಗೆ ನನಗೆ ಅಳು ಬರುತ್ತದೆ, ಎಲ್ಲವೂ ಅವಳ ಕಣ್ಣೆದುರೇ ನಡೆದದ್ದು.

ನಾವು ದ್ವಿತೀಯ ಪಿಯುಸಿ ಮುಗಿಸಿದ್ದು 2022ರಲ್ಲಿ. ಸಿಇಟಿ ಬರೆದೆವು. ಆ ವರ್ಷ ಪುನರಾವರ್ತಿತ ವಿದ್ಯಾರ್ಥಿಗಳ ಅಂಕದ ವಿಷಯ ಹೈಕೋರ್ಟಿನ ಮೆಟ್ಟಿಲೇರಿ ಸೀಟು ಹಂಚಿಕೆ ಮುಂದಕ್ಕೆ ಹೋಯಿತು. ಬೇರೆಯವರೆಲ್ಲ ವರ್ಷ ಹಾಳಾಗುತ್ತಿದೆಯೆಂದು ಗೊಣಗುತ್ತಿದ್ದಾಗ ನಾನು ಒಳಗೊಳಗೇ ಖುಷಿಪಟ್ಟೆ. ಕೋರ್ಟು ಕೊಟ್ಟ ರಜೆಯಂತಿತ್ತು ಅದು.

ಅವಳಿಗೆ ಬಿಎಸ್ಸಿ ಕೃಷಿಯೇ ಬೇಕಿತ್ತು. ಅವಳ ಅಪ್ಪನಿಗೆ ತುರುವನೂರು ರಸ್ತೆಯ ಕಡೆ ಹೊಲವಿದೆ. ಶೇಂಗಾ, ಈರುಳ್ಳಿ ಬೆಳೆಯುತ್ತಾರೆ. ಪಹಣಿ, ಕೃಷಿಕರ ಪ್ರಮಾಣಪತ್ರ ಎಲ್ಲ ಹೊಂದಿಸಿಕೊಂಡು ರೈತರ ಮಕ್ಕಳ ಕೋಟಾಕ್ಕೆ ಅರ್ಜಿ ಹಾಕಿದ್ದಳು. ಅದಕ್ಕೆ ಪ್ರಾಯೋಗಿಕ ಪರೀಕ್ಷೆಯಿದೆ. ಬೀಜ, ಗೊಬ್ಬರ, ಕೃಷಿ ಸಾಮಾನುಗಳನ್ನು ಗುರುತಿಸಬೇಕು. ಅವಳ ಮನೆಯ ಪಡಸಾಲೆಯಲ್ಲಿ ಸ್ಟೀಲಿನ ತಟ್ಟೆಯ ತುಂಬ ಚಿಟಿಕೆ ಚಿಟಿಕೆ ಬೀಜಗಳನ್ನು ಗುಡ್ಡೆ ಹಾಕಿ ನಾನೇ ಪರೀಕ್ಷಕಿಯಾಗಿ ಕೂರುತ್ತಿದ್ದೆ. ರಾಗಿ, ಸಜ್ಜೆ, ಹುರುಳಿ ಸಲೀಸು. ನವಣೆ ಮತ್ತು ಸಾಮೆ ಬಂದಾಗ ಮಾತ್ರ ಅವಳು ತಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿಯುತ್ತಿದ್ದಳು. ನವಣೆಯ ಹಳದಿ, ಸಾಮೆಯ ಬೂದು ಮಿಶ್ರಿತ ಹೊಳಪು. ಬೆರಳಿನಲ್ಲಿ ಹೊರಳಿಸಿದರೆ ಸಾಮೆ ಜಾರುತ್ತದೆ ಎನ್ನುತ್ತಿದ್ದಳು. ಅವಳನ್ನು ಊರಿನಿಂದ ಕಳಿಸುವ ಕೆಲಸಕ್ಕೆ ನಾನೇ ಕೈಜೋಡಿಸುತ್ತಿದ್ದೇನೆಂದು ಆಗ ಹೊಳೆದಿರಲಿಲ್ಲ. ಹೊಳೆದಿದ್ದರೂ ನಾನು ಅದನ್ನೇ ಮಾಡುತ್ತಿದ್ದೆ. ಅವಳಿಗೆ ಅಷ್ಟು ಆಸೆಯಿತ್ತು.

ಆಯ್ಕೆಗಳನ್ನು ತುಂಬಿದ ದಿನವೂ ಪಕ್ಕದಲ್ಲೇ ಇದ್ದೆ. ನಮ್ಮ ಜಿಲ್ಲೆಯಲ್ಲೇ, ಹಿರಿಯೂರಿನ ಬಬ್ಬೂರು ಫಾರಂನಲ್ಲಿ ತೋಟಗಾರಿಕೆ ಕಾಲೇಜಿದೆ. ಅದು ಮೇಲೆ ಬಂದರೆ ವಾರಕ್ಕೊಮ್ಮೆ ಮನೆಗೆ ಬರಬಹುದೆಂಬ ಲೆಕ್ಕ ನನ್ನ ತಲೆಯಲ್ಲಿ ಓಡುತ್ತಿತ್ತು. ಅವಳು ಮೊದಲ ಸಾಲಿನಲ್ಲಿ ಧಾರವಾಡ ಎಂದು ತುಂಬಿದಳು. ನಾನು ಪಿನ್‌ಕೋಡ್ ಸರಿಯಿದೆಯೇ ನೋಡು ಎಂದೆ, ಅಷ್ಟೇ.

ಆ ಕಾಯುವಿಕೆಯ ನಡುವೆಯೇ ಸೆಪ್ಟೆಂಬರಿನ ಆರಂಭದಲ್ಲಿ ವಾಣಿವಿಲಾಸ ಸಾಗರ ಕೋಡಿ ಬಿತ್ತು. ಇದು ಎಂಥ ಸಂಗತಿಯೆಂದು ಬಯಲುಸೀಮೆಯವರಿಗೇ ಗೊತ್ತು. ನಾವು ಮಾರಿಕಣಿವೆ ಎಂದೇ ಕರೆಯುವ ಈ ಅಣೆಕಟ್ಟು 1907ರಲ್ಲಿ ಮುಗಿದದ್ದು. ಪೂರ್ಣ ಮಟ್ಟ 130 ಅಡಿ. 1933ರಲ್ಲಿ ತುಂಬಿ ಹರಿದದ್ದು ಬಿಟ್ಟರೆ ಮತ್ತೆ ತುಂಬಿರಲಿಲ್ಲ. 89 ವರ್ಷದ ಮೇಲೆ ವೇದಾವತಿಯ ನೀರು ಕೋಡಿ ಹಾರಿ ಹರಿಯುತ್ತಿತ್ತು. ಜಿಲ್ಲೆಗೆ ಜಿಲ್ಲೆಯೇ ಹಬ್ಬಕ್ಕೆ ಹೋಗುವಂತೆ ಅಲ್ಲಿಗೆ ಹೊರಟಿತ್ತು. ನಮ್ಮ ಅಜ್ಜಿ, ತಾನು ಹುಟ್ಟುವ ಮೊದಲು ನಡೆದದ್ದನ್ನು ಸಾಯುವ ಮೊದಲು ನೋಡಬೇಕೆಂದು ಹಟ ಹಿಡಿದಳು. ಎರಡೂ ಮನೆಯವರು ಸೇರಿ ಒಂದು ಟೆಂಪೋ ಮಾಡಿಕೊಂಡು ಹೋದೆವು. ಜನಸಂದಣಿಯಲ್ಲಿ ಅಜ್ಜಿಯ ಒಂದು ಕೈ ನಾನು, ಇನ್ನೊಂದು ಕೈ ಅವಳು ಹಿಡಿದಿದ್ದೆವು. ಕಣಿವೆ ಮಾರಮ್ಮನಿಗೆ ಕೈಮುಗಿದು ನೀರಿನ ಹತ್ತಿರ ಹೋದಾಗ ಅಜ್ಜಿ ಬೊಗಸೆಯಲ್ಲಿ ನೀರು ಹಿಡಿದು ಕಣ್ಣಿಗೊತ್ತಿಕೊಂಡಳು. ಆಮೇಲೆ ಕುಡಿಯಲು ತಂದಿದ್ದ ಬಾಟಲಿಯ ನೀರನ್ನು ಚೆಲ್ಲಿ, ಅದರಲ್ಲಿ ಆ ಕೆಂಪು ನೀರು ತುಂಬಿಸಿ ಗೆಳತಿಯ ಕೈಗೆ ಕೊಟ್ಟಳು: "ಚೆಲ್ಲಬೇಡ ತಾಯಿ, ಮನೆಗೆ ಒಯ್ಯಬೇಕು." ಅವಳು ದುರ್ಗ ಮುಟ್ಟುವವರೆಗೂ ಅದನ್ನು ಮಡಿಲಲ್ಲಿಟ್ಟುಕೊಂಡಿದ್ದಳು.

ಅಕ್ಟೋಬರ್ ಕೊನೆಯಲ್ಲಿ ಸೀಟು ಬಂತು. ಅವಳಿಗೆ ಧಾರವಾಡ, ನನಗೆ ದಾವಣಗೆರೆ. ಬಸ್ ನಿಲ್ದಾಣದಲ್ಲಿ ನಡೆದದ್ದನ್ನು ಬರೆಯುವುದಿಲ್ಲ; ಎಲ್ಲರ ಬೀಳ್ಕೊಡುಗೆಯಂತೆಯೇ ಇತ್ತು.

ಬರೆಯಬೇಕಾದದ್ದು ಆಮೇಲಿನದು. ಅವಳು ಹೊರಟದ್ದು ಯಾವ ಹೆದ್ದಾರಿಯಲ್ಲೋ ಅದೇ ಹೆದ್ದಾರಿಯಲ್ಲಿ ನಾನು ದಿನವೂ ಕಾಲೇಜಿಗೆ ಹೋಗಬೇಕು. ಬೆಳಗಿನ ಹೊತ್ತಿಗೆ ಸಿಗುವ ಬಸ್ಸುಗಳಲ್ಲಿ ಕೆಲವಕ್ಕೆ ಹುಬ್ಬಳ್ಳಿ ಎಂಬ ಬೋರ್ಡು. ಭರಮಸಾಗರ, ಆನಗೋಡು ದಾಟಿದರೆ ದಾವಣಗೆರೆ. ಸುಮಾರು ಅರವತ್ತು ಕಿಲೋಮೀಟರು. ನಾನು ಇಳಿಯುತ್ತೇನೆ, ಬಸ್ಸು ಮುಂದೆ ಹೋಗುತ್ತದೆ. ಆ ಬಸ್ಸು ಮಧ್ಯಾಹ್ನದ ಹೊತ್ತಿಗೆ ಅವಳಿರುವ ಕಡೆ ತಲುಪುತ್ತದಲ್ಲ ಎಂಬ ಯೋಚನೆ ಇಳಿಯುವಾಗ ಬಾರದ ದಿನವಿರಲಿಲ್ಲ. ಪಕ್ಕದ ಸೀಟಿನಲ್ಲಿ ಕುಳಿತ ಅಪರಿಚಿತ ಹೆಂಗಸು ರಾಣೆಬೆನ್ನೂರಿಗೋ ಹಾವೇರಿಗೋ ಟಿಕೆಟ್ ಕೇಳಿದರೂ ಹೊಟ್ಟೆಕಿಚ್ಚಾಗುತ್ತಿತ್ತು.

ಕಾಲೇಜಿನಲ್ಲಿ ಒಂಟಿಯಾಗಿದ್ದೆ ಎಂದಲ್ಲ. ದಾವಣಗೆರೆಯ ಜನ ಬೇಗ ಹಚ್ಚಿಕೊಳ್ಳುತ್ತಾರೆ. ಮೊದಲ ತಿಂಗಳಲ್ಲೇ ಒಂದು ಗುಂಪು ನನ್ನನ್ನು ಸೇರಿಸಿಕೊಂಡಿತು. ಬೆಣ್ಣೆ ದೋಸೆಗೆ ಕರೆದೊಯ್ದರು, ಸಂಜೆ ನರ್ಗಿಸ್ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿನ್ನಿಸಿದರು. ಒಳ್ಳೆಯ ಹುಡುಗಿಯರು. ಆದರೆ ಅವರೊಂದಿಗೆ ಇರುವಾಗ ನಾನು ನನ್ನ ಬಗ್ಗೆ ಹೇಳುತ್ತಲೇ ಇರಬೇಕಾಗಿತ್ತು. ನಮ್ಮಪ್ಪ ಏನು ಮಾಡುತ್ತಾರೆ, ನನಗೆ ಯಾಕೆ ಬದನೆಕಾಯಿ ಸೇರುವುದಿಲ್ಲ, ಯಾವ ಮಾತನ್ನು ತಮಾಷೆಗೆ ಅಂದೆ, ಯಾವುದನ್ನು ನಿಜಕ್ಕೂ ಅಂದೆ. ಹೊಸ ಸ್ನೇಹವೆಂದರೆ ಇಷ್ಟು ದುಡಿಮೆಯೆಂದು ನನಗೆ ತಿಳಿದಿರಲಿಲ್ಲ. ಮೂರನೇ ತರಗತಿಯಲ್ಲಿ ಆ ದುಡಿಮೆ ಯಾವಾಗ ಮಾಡಿದೆವೋ ನೆನಪೇ ಇಲ್ಲ.

ಊರಿಗೆ ಮರಳಿದರೆ ಇನ್ನೊಂದು ಪಾಡು. ಅವಳಿಗೆ ಧಾರವಾಡದಲ್ಲಿ ನಾನಿಲ್ಲದ ಜಾಗ ಒಂದೂ ಇರಲಿಲ್ಲ, ಏಕೆಂದರೆ ಅಲ್ಲಿ ನಾನು ಎಂದೂ ಇದ್ದವಳೇ ಅಲ್ಲ. ನನಗೆ ದುರ್ಗದಲ್ಲಿ ಅವಳಿಲ್ಲದ ಜಾಗಗಳೇ ಎಲ್ಲ. ಆನೆಬಾಗಿಲಿನ ಹತ್ತಿರ ಸೀತಾಫಲದ ಬುಟ್ಟಿಯಿಟ್ಟುಕೊಂಡು ಕೂರುವ ಅಜ್ಜಿ, "ಎಲ್ಲಿ ನಿನ್ನ ಜೊತೆಗಾತಿ?" ಎಂದು ಕೇಳುತ್ತಿದ್ದಳು. ಒಂದು ವಾರ ಹೇಳಿದರೆ ಮರುವಾರ ಮತ್ತೆ ಕೇಳುತ್ತಿದ್ದಳು. ಸಂಜೆ ಐದಕ್ಕೆ ಕಾಲುಗಳು ತಾವಾಗಿಯೇ ಚಪ್ಪಲಿ ಹುಡುಕುತ್ತಿದ್ದವು. ಕೆಲವು ಸಂಜೆ ಒಬ್ಬಳೇ ಚಂದ್ರವಳ್ಳಿಯ ಕಡೆಗೆ ಹೊರಟು, ಅರ್ಧ ದಾರಿಗೆ ತಿರುಗಿ ಬಂದಿದ್ದೇನೆ. ಸಾವಿರದ ಆರುನೂರಕ್ಕೂ ಹೆಚ್ಚು ವರ್ಷ ಹಳೆಯದಾದ ಮಯೂರಶರ್ಮನ ಶಾಸನ ಅಲ್ಲಿದೆ. ಅದನ್ನು ನಾವಿಬ್ಬರೂ ಒಮ್ಮೆಯೂ ಗಮನವಿಟ್ಟು ನೋಡಿರಲಿಲ್ಲ, ಮಾತಿನಲ್ಲೇ ಮುಳುಗಿರುತ್ತಿದ್ದೆವು.

ಫೋನಿತ್ತಲ್ಲ ಎನ್ನಬಹುದು. ಇತ್ತು. ಮೊದಮೊದಲು ದಿನವಿಡೀ ಸಂದೇಶಗಳು. ತಟ್ಟೆಯ ಫೋಟೋ, ಕಿಟಕಿಯ ಫೋಟೋ, ಪ್ರಯೋಗಾಲಯದ ಫೋಟೋ. ನನ್ನ ಅನುಭವದಲ್ಲಿ ಅದೇ ಹೆಚ್ಚು ನೋಯಿಸಿತು. ತುಂಡು ತುಂಡಾಗಿ ಬರುವ ಆ ಸುದ್ದಿಗಳು ಒಂದು ಸಂಜೆಯಾಗಿ ಕೂಡಿಕೊಳ್ಳುತ್ತಲೇ ಇರಲಿಲ್ಲ. ಅವಳ ಮಾತಿನಲ್ಲಿ ಹೊಸ ಹೆಸರುಗಳು ಬಂದವು. ಯಾರೋ ಒಬ್ಬಳು ಮೆಸ್ಸಿನಲ್ಲಿ ಜಗಳವಾಡಿದಳೆಂದು ನಗುತ್ತಾ ಹೇಳುತ್ತಾಳೆ. ಅವಳು ಯಾರು, ಮೆಸ್ಸು ಹೇಗಿದೆ, ಅದರಲ್ಲಿ ನಗುವಂಥದ್ದೇನು ಎಂದು ನನಗೆ ತಿಳಿಯದು. ನಾನು ಕೇಳಿದರೆ ಅವಳು ವಿವರಿಸುತ್ತಾಳೆ. ವಿವರಿಸುವಷ್ಟರಲ್ಲಿ ನಗು ಆರಿಹೋಗಿರುತ್ತದೆ. ಜಗಳವಾಗಲಿಲ್ಲ, ಮುನಿಸೂ ಇರಲಿಲ್ಲ. ಕರೆಗಳ ನಡುವಿನ ದಿನಗಳು ಹಿಗ್ಗುತ್ತಾ ಹೋದವು, ಅಷ್ಟೇ. "ಹೊಸ ಗೆಳತಿಯರನ್ನು ಮಾಡಿಕೋ, ಎಲ್ಲ ಸರಿಹೋಗುತ್ತದೆ" ಎಂದು ಅಮ್ಮ ಹೇಳುತ್ತಿದ್ದರು. ಅಮ್ಮನ ಮಾತನ್ನು ಇವತ್ತಿಗೂ ಒಪ್ಪುವುದಿಲ್ಲ. ಹೊಸ ಗೆಳತಿಯರು ಬಂದರು. ಅವರ ಜಾಗ ಅವರದು. ಅವಳ ಜಾಗಕ್ಕೆ ಅವರು ಬರಲಿಲ್ಲ, ಬರಬೇಕಾಗಿಯೂ ಇಲ್ಲ.

2023ರ ಬೇಸಿಗೆಯ ಕೊನೆಗೆ ಅಜ್ಜಿ ತೀರಿಕೊಂಡಳು. ಬೆಳಗಿನ ಜಾವ. ನೆಂಟರಿಗೆ, ಊರಿನವರಿಗೆ ಫೋನು ಮಾಡುವ ಗಡಿಬಿಡಿಯಲ್ಲಿ ನಾನು ಮಹಡಿಗೆ ಹೋಗಿ ಅವಳಿಗೆ ಫೋನು ಮಾಡಿದೆ. ಪರೀಕ್ಷೆಯ ಸಮಯ, ಹೊರಟುಬರುವಂತಿರಲಿಲ್ಲ. ಸ್ವಲ್ಪ ಹೊತ್ತು ಇಬ್ಬರೂ ಅತ್ತೆವು. ಆಮೇಲೆ ಅವಳು ಥಟ್ಟನೆ ಕೇಳಿದಳು: "ಮಾರಿಕಣಿವೆಯ ನೀರು ಬಿಟ್ಟಿರೇನೇ?"

ಮನೆಯಲ್ಲಿ ಯಾರಿಗೂ ಅದು ನೆನಪಿರಲಿಲ್ಲ. ನನಗೂ. ಕೆಳಗೆ ಓಡಿದೆ. ದೇವರ ಗೂಡಿನಲ್ಲಿ, ಕುಂಕುಮದ ಭರಣಿಯ ಹಿಂದೆ, ಎಣ್ಣೆಯ ಜಿಡ್ಡು ಹಿಡಿದ ಬಾಟಲಿ ಹಾಗೆಯೇ ಇತ್ತು. ಕೆಸರು ತಳಕ್ಕಿಳಿದು ಮೇಲಿನ ನೀರು ತಿಳಿಯಾಗಿತ್ತು. ಅಪ್ಪ ಅದನ್ನು ನೋಡಿ ಒಂದು ಕ್ಷಣ ಏನೂ ಮಾತನಾಡಲಿಲ್ಲ. ತುಳಸಿ ಎಲೆಯೊಂದಿಗೆ ಅಜ್ಜಿಯ ಬಾಯಿಗೆ ಬಿಟ್ಟರು. ಬಂದ ನೆಂಟರೆಲ್ಲ ಗಂಗಾಜಲವೆಂದುಕೊಂಡರು. ಕಾಲೇಜಿನ ಗೆಳತಿಯರು ದಾವಣಗೆರೆಯಿಂದ ಬಂದು ನನ್ನ ಪಕ್ಕದಲ್ಲಿ ಕುಳಿತರು, ಕೈ ಹಿಡಿದರು, ಅಮ್ಮನಿಗೆ ಕಾಫಿ ಮಾಡಿಕೊಟ್ಟರು. ಅವರ ಋಣ ದೊಡ್ಡದು. ಆದರೆ ಆ ಬಾಟಲಿಯ ವಿಷಯ ಕೇಳಬಲ್ಲವಳು ಈ ಲೋಕದಲ್ಲಿ ಒಬ್ಬಳೇ ಇದ್ದಳು, ಅವಳು ಧಾರವಾಡದಲ್ಲಿದ್ದಳು. ಕರೆಗಳು ಕಡಿಮೆಯಾದವೆಂದು ಲೆಕ್ಕ ಹಾಕುವುದನ್ನು ನಾನು ಅಂದೇ ಬಿಟ್ಟೆ.

ಅದಾದ ಕೆಲವೇ ದಿನಗಳಿಗೆ, ಜೂನ್ 11ರಂದು, ಶಕ್ತಿ ಯೋಜನೆ ಶುರುವಾಯಿತು. ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ಇದರ ಬಗ್ಗೆ ಹತ್ತು ಜನ ಹತ್ತು ಮಾತಾಡುತ್ತಾರೆ; ನನ್ನಂಥ ಹುಡುಗಿಯರಿಗೆ ಅದೇನು ಮಾಡಿತೆಂದು ನಾನು ಹೇಳಬಲ್ಲೆ. ಗೆಳತಿಯನ್ನು ನೋಡಿ ಬರಲು ಅಪ್ಪನ ಹತ್ತಿರ ದುಡ್ಡು ಕೇಳುವುದು ನನಗೆ ಸಾಧ್ಯವಿರಲಿಲ್ಲ. ಗೆಳತಿಯೆಂಬುದು ನಮ್ಮ ಮನೆಗಳಲ್ಲಿ ಖರ್ಚಿಗೆ ಕಾರಣವಾಗುವಂಥ ಸಂಬಂಧವಲ್ಲ. ಈಗ ಆಧಾರ್ ಕಾರ್ಡು ತೋರಿಸಿದರೆ ಸಾಕು.

ಆ ಸೆಪ್ಟೆಂಬರಿನಲ್ಲಿ ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಕೃಷಿಮೇಳಕ್ಕೆ ಅವಳ ಅಪ್ಪ ಅಮ್ಮ ಹೊರಟಾಗ ನಾನೂ ಹೊರಟೆ. ಅವರನ್ನು ನಾನು ಚಿಕ್ಕಪ್ಪ, ಚಿಕ್ಕಮ್ಮ ಎಂದೇ ಕರೆಯುವುದು. ಹತ್ತಿದ್ದು ಅದೇ ಹುಬ್ಬಳ್ಳಿ ಬೋರ್ಡಿನ ಬಸ್ಸು. ಚಿಕ್ಕಮ್ಮನಿಗೂ ನನಗೂ ಶೂನ್ಯದ ಟಿಕೆಟ್, ಚಿಕ್ಕಪ್ಪನಿಗೆ ಮಾತ್ರ ದುಡ್ಡಿನದು. ದಾವಣಗೆರೆಯ ನಿಲ್ದಾಣ ಬಂದಾಗ ಅಭ್ಯಾಸಕ್ಕೆ ಚೀಲ ಹೆಗಲಿಗೇರಿಸಿ ಎದ್ದೇಬಿಟ್ಟಿದ್ದೆ. ಚಿಕ್ಕಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು: "ಕೂತ್ಕೋ ತಾಯಿ, ಇವತ್ತು ನಿನ್ನ ಕಾಲೇಜು ಮುಂದಿದೆ." ಬಸ್ಸು ನನ್ನನ್ನು ಇಳಿಸದೆ ಹೊರಟಿತು. ಹರಿಹರದಲ್ಲಿ ತುಂಗಭದ್ರೆ ದಾಟುವಾಗ ಕಿಟಕಿಗೆ ಅಂಟಿಕೊಂಡು ಕುಳಿತಿದ್ದೆ.

ಮೇಳದಲ್ಲಿ ಜನವೋ ಜನ. ಅವಳು ಸ್ವಯಂಸೇವಕಿಯ ಪಟ್ಟಿ ಧರಿಸಿ ಶೇಂಗಾ ಬೆಳೆಯ ಪ್ರಾತ್ಯಕ್ಷಿಕೆಯ ಹತ್ತಿರ ನಿಂತಿದ್ದಳು. ನಮ್ಮನ್ನು ನೋಡಿರಲಿಲ್ಲ. ಸುತ್ತ ರೈತರು. ಹೂ ಬಿಟ್ಟು, ಕಾಯಿಯ ಮೊನೆ ನೆಲಕ್ಕಿಳಿಯುವ ಹೊತ್ತಿಗೆ ಜಿಪ್ಸಂ ಕೊಟ್ಟು ಮಣ್ಣೇರಿಸಿದರೆ ಕಾಯಿ ಜೊಳ್ಳಾಗುವುದಿಲ್ಲ, ಸುಣ್ಣದಂಶ ಸಿಕ್ಕಿದರೆ ಕಾಳು ತುಂಬುತ್ತದೆ ಎಂದು ಬಿಡಿಸಿ ಹೇಳುತ್ತಿದ್ದಳು. ಚಿಕ್ಕಪ್ಪ ಗುಂಪಿನ ಹಿಂದೆ ನಿಂತು ಟವೆಲ್ ಸರಿಮಾಡಿಕೊಂಡು, ಅಪರಿಚಿತನಂತೆ ಕೈ ಎತ್ತಿ ಕೇಳಿದರು: "ಮೇಡಂ, ಮಳೆಯಾಶ್ರಯದ ಹೊಲಕ್ಕೂ ಇದೇ ಲೆಕ್ಕವೋ?" ಅವಳು ತಲೆಯೆತ್ತಿ ನೋಡಿದಳು. ಅಪ್ಪನನ್ನು ನೋಡಿದಳು, ನನ್ನನ್ನು ನೋಡಿದಳು. ಕಣ್ಣು ತುಂಬಿಕೊಂಡೇ ಆ ಪ್ರಶ್ನೆಗೆ ಪೂರ್ತಿ ಉತ್ತರ ಕೊಟ್ಟಳು. ಆಮೇಲೆಯೇ ನಮ್ಮ ಹತ್ತಿರ ಬಂದದ್ದು. ನನ್ನ ಗೆಳತಿ ಇಂಥವಳು ಎಂದು ಆ ರೈತರೆಲ್ಲರಿಗೂ ಕೂಗಿ ಹೇಳಬೇಕೆನ್ನಿಸಿತು.

ಸಂಜೆ ಹಾಸ್ಟೆಲ್ ತೋರಿಸಿದಳು. ಮೆಸ್ಸಿನ ಉದ್ದನೆಯ ಬೆಂಚು, ಜಗಳವಾಡಿದ ಹುಡುಗಿ, ಕಿಟಕಿಯಾಚೆಯ ಬೇವಿನ ಮರ, ಕೋಣೆಯ ಬಾಗಿಲಿನ ಸಡಿಲವಾದ ಚಿಲಕ. ವಿಜಯಪುರದ ಕಡೆಯ ಅವಳ ಸಹವಾಸಿ ನನ್ನನ್ನು ಕಂಡೊಡನೆ, "ಪೆಟ್ಟಾಯಿತೇನೇ?" ಎಂದಳು. ಒಂದು ಗಳಿಗೆ ಎದೆ ಚುರ್ರೆಂದಿತು, ನಮ್ಮದನ್ನು ಇವಳಿಗೆ ಯಾಕೆ ಹೇಳಿದಳೆಂದು. ಮರುಗಳಿಗೆಗೆ ಹಗುರವಾಯಿತು. ಈ ಕೋಣೆಯಲ್ಲಿ ನಾನು ಮೊದಲೇ ಇದ್ದೆ. ಕಾಲಿಟ್ಟದ್ದು ಮಾತ್ರ ಇಂದು.

ಅಲ್ಲಿಂದ ಬಂದ ಮೇಲೆ ಫೋನಿನ ಮಾತಿನ ಬಗೆಯೇ ಬದಲಾಯಿತು. ಮೆಸ್ಸು ಎಂದರೆ ಬೆಂಚು ಕಾಣುತ್ತದೆ, ಚಿಲಕ ಎಂದರೆ ಅದರ ಸದ್ದು ಕೇಳುತ್ತದೆ. ಅವಳು ಅರ್ಧ ವಾಕ್ಯ ಹೇಳಿದರೆ ಉಳಿದರ್ಧ ನನಗೆ ತಿಳಿಯುತ್ತದೆ. ಭಾನುವಾರ ಸಂಜೆ ಐದಕ್ಕೆ, ನಾನು ಪಾದಗುಡಿಯ ಕಡೆ ನಡೆಯುತ್ತಾ, ಅವಳು ಕ್ಯಾಂಪಸ್ಸಿನ ರಸ್ತೆಯಲ್ಲಿ ನಡೆಯುತ್ತಾ ಮಾತನಾಡುವುದೆಂದು ಗೊತ್ತುಮಾಡಿಕೊಂಡೆವು. ನಡುವಿನ ದಿನಗಳಲ್ಲಿ ಸಂದೇಶ ಕಳಿಸುವುದನ್ನು ಬಹುಮಟ್ಟಿಗೆ ಬಿಟ್ಟೆವು. ಇದು ಎಲ್ಲರಿಗೂ ಹೊಂದುತ್ತದೋ ಇಲ್ಲವೋ, ನಮಗೆ ಹೊಂದಿತು. ನಡೆಯುತ್ತಾ ಆಡಿದ ಮಾತಿಗೆ ಏನೋ ಒಂದು ಸಮಾಧಾನವಿದೆ.

2025ರ ಜನವರಿಯಲ್ಲಿ ಮಾರಿಕಣಿವೆ ಮತ್ತೊಮ್ಮೆ ಕೋಡಿ ಬಿತ್ತು. ಆ ವಿಡಿಯೋವನ್ನು ನಾನು ಅವಳಿಗೆ, ಅವಳು ನನಗೆ, ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಕಳಿಸಿದ್ದೆವು. ಅವಳಿಗೆ ಬರಲಾಗಲಿಲ್ಲ. "ನೀನು ಹೋಗಿ ಬಾ ಕಣೇ, ನಿನ್ನ ಕಾಲೇಜಿನವರನ್ನೂ ಕರೆದುಕೊಂಡು ಹೋಗು" ಎಂದಳು. ದಾವಣಗೆರೆಯ ಗುಂಪನ್ನು ಕರೆದೊಯ್ದೆ. ಅಜ್ಜಿ ನಿಂತಿದ್ದ ಕಡೆ ನಿಂತು ಬಾಟಲಿಯ ಕಥೆ ಹೇಳಿದೆ. ಅವರಲ್ಲೊಬ್ಬಳು ಮಾತಿಲ್ಲದೆ ತನ್ನ ನೀರಿನ ಬಾಟಲಿಯನ್ನು ಬರಿದುಮಾಡಿ ತುಂಬಿಸಿ ನನಗೆ ಕೊಟ್ಟಳು. ಅದು ಈಗ ನಮ್ಮ ದೇವರ ಗೂಡಿನಲ್ಲಿದೆ.

ಕೊನೆಯ ವರ್ಷದಲ್ಲಿ ಕೃಷಿ ವಿದ್ಯಾರ್ಥಿಗಳು ಹಳ್ಳಿಯಲ್ಲಿ ಉಳಿದು ರೈತರೊಂದಿಗೆ ಕೆಲಸ ಮಾಡಬೇಕು. ಅವಳಿದ್ದ ಹಳ್ಳಿಯಲ್ಲಿ ನೆಟ್‌ವರ್ಕ್ ಸರಿಯಿರಲಿಲ್ಲ. ಒಂದು ಭಾನುವಾರ ಐದರ ಬದಲು ಬೆಳಿಗ್ಗೆಯೇ ಫೋನು. ಅಪ್ಪನ ಈರುಳ್ಳಿಗೆ ರೋಗ ಬಿದ್ದಿದೆಯಂತೆ, ಅಪ್ಪ ಕಳಿಸಿದ ಫೋಟೋದಲ್ಲಿ ಬೆರಳು ಬಿಟ್ಟರೆ ಏನೂ ಕಾಣುವುದಿಲ್ಲ, ನೀನು ಹೋಗು ಎಂದಳು. ಸ್ಕೂಟಿ ಹತ್ತಿ ತುರುವನೂರು ರಸ್ತೆಗೆ ಹೋದೆ. ಹೊಲದಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು ಎಲೆಯನ್ನು ಹತ್ತಿರದಿಂದ ತೋರಿಸಿದೆ. ಬಿಳಿಚಿದ ಮಚ್ಚೆ, ನಡುವೆ ನೇರಳೆ ಬಣ್ಣ. ನೇರಳೆ ಮಚ್ಚೆ ರೋಗವೇ ಎಂದು ಅವಳು ಖಚಿತಪಡಿಸಿದಳು. ಯಾವ ಔಷಧಿ, ಎಷ್ಟು ನೀರಿಗೆ ಎಷ್ಟು ಎಂದು ಹೇಳತೊಡಗಿದಳು. ಚಿಕ್ಕಪ್ಪ ಒಪ್ಪಲಿಲ್ಲ. ಅಂಗಡಿಯವನು ಬೇರೆ ಹೇಳಿದ್ದಾನೆ ಎಂದರು. ಅಪ್ಪ ಮಗಳ ವಾದ ಜೋರಾಯಿತು. ನಾನು ಸ್ಪೀಕರ್ ಹಾಕಿದ ಫೋನನ್ನು ಇಬ್ಬರ ನಡುವೆ ಹಿಡಿದುಕೊಂಡು ನಿಂತಿದ್ದೆ.

"ಅಪ್ಪನ ಮಾತು ಬಿಡು," ಎಂದು ಅವಳು ಕೂಗಿದಳು, "ನೀನು ಪಕ್ಕದ ಸಾಲಿಗೆ ಹೋಗಿ ಎಲೆಯ ಬುಡ ತೋರಿಸು. ಇನ್ನೂ ಹತ್ತಿರ. ಇನ್ನೂ ಹತ್ತಿರ ಕಣೇ."